ಗೊತ್ತಿದ್ದೇ ಹಾಕಿದ ಸರಿ ಗುರುತು

ಮಾರ್ಚ್ ೧೨, ಮಂಗಳವಾರ

ಪ್ರೀತಿಯ ತಂಗಿಗೆ,

ಕ್ಷೇಮವೇ ಎಂದು ಕೇಳುವ ಹಕ್ಕು ನನಗೆ ಉಳಿದಿಲ್ಲ, ಹಾಗಾಗಿ ಕೇಳುವುದಿಲ್ಲ. ನೀನು ಮಗಳನ್ನು ಕರೆದುಕೊಂಡು ವಿಮಾನ ಹತ್ತಿ ನಾಲ್ಕು ತಿಂಗಳಾಯಿತು. ಇಷ್ಟು ದಿನ ತುಟಿ ಬಿಗಿಹಿಡಿದು ಕೂತಿದ್ದೆ. ನಿನ್ನೆ ನಿನ್ನ ಜೊತೆ ವಾರ್ಡಿನಲ್ಲಿ ಕೆಲಸ ಮಾಡುತ್ತಿದ್ದ ಆ ಎತ್ತರದ ನರ್ಸು ಔಷಧಿ ಅಂಗಡಿಯ ಮುಂದೆ ಸಿಕ್ಕಳು. ನನ್ನನ್ನು ಸಮಾಧಾನ ಮಾಡಲು ಹೋಗಿ, "ಬಿಡಿ ಅಕ್ಕಾ, ನಿಮಗೆ ಗೊತ್ತಿದ್ದಷ್ಟು ಹೇಳ್ಕೊಟ್ರಿ. ಗ್ರಾಮರ್ ಎಲ್ರಿಗೂ ಬರಲ್ಲ ಅಂತ ನಿಮ್ಮ ತಂಗೀನೇ ಹೇಳ್ತಿದ್ಳು" ಎಂದಳು.

ಗ್ರಾಮರ್ ಬರುವುದಿಲ್ಲವಂತೆ. ನನಗೆ!

ಹದಿನೆಂಟು ವರ್ಷ ಒಂದೇ ಕೋಚಿಂಗ್ ಸೆಂಟರಿನ ಎರಡನೇ ಮಹಡಿಯಲ್ಲಿ ನಿಂತು, ಹೊರದೇಶಕ್ಕೆ ಹೊರಟವರನ್ನು ಇಂಗ್ಲಿಷ್ ಪರೀಕ್ಷೆಗೆ ತಯಾರು ಮಾಡಿದವಳು ನಾನು. ಕಂಜಂಕ್ಷನ್ ಪಾಠವಂತೂ ನನ್ನದೇ ಎಂದು ಹೆಸರಾಗಿತ್ತು. ಬೇರೆ ಮೇಷ್ಟರ ಬ್ಯಾಚಿನವರೂ ಆ ದಿನ ಬಂದು ಹಿಂದಿನ ಬೆಂಚಿನಲ್ಲಿ ಒತ್ತಿಕೊಂಡು ಕೂರುತ್ತಿದ್ದರು. ಎರಡು ವಾಕ್ಯ ಜೋಡಿಸಲು ಒಂದು ಕೊಂಡಿ ಸಾಕು. 'ಆಲ್ದೋ' ಎಂದು ಶುರು ಮಾಡಿದರೆ ನಡುವೆ 'ಬಟ್' ಬರಕೂಡದು, 'ಬಿಕಾಸ್' ಇದ್ದಲ್ಲಿ 'ಸೋ' ಬೇಡ. ಇದು ನಾನು ಮೊದಲನೇ ವಾರವೇ ಹೇಳಿಕೊಡುವ ಪಾಠ, ತಂಗಿ. ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಮೊದಲ ಸಲ ನೀನು ನಿನ್ನ ಪಾಡಿಗೆ ಪರೀಕ್ಷೆ ಬರೆದು ಫೇಲಾದೆ. ಅದರಲ್ಲಿ ನನ್ನ ಕೈಯಿಲ್ಲ. ಆಮೇಲೆ ಇನ್ನೂರು ಪುಟದ ನೋಟುಪುಸ್ತಕ ತಂದು ನನ್ನ ಊಟದ ಮೇಜಿನ ಮೇಲಿಟ್ಟು, "ನೀನೇ ಕಲಿಸ್ಬೇಕು ಅಕ್ಕಾ" ಎಂದೆ. ಮೊದಲ ಹತ್ತು ದಿನ ನಾನು ನಿಯತ್ತಾಗಿಯೇ ಕಲಿಸಿದೆ. ಬೇಕಾದರೆ ಆ ಪುಟಗಳನ್ನು ತೆಗೆದು ನೋಡು.

ಹನ್ನೊಂದನೆಯ ದಿನ ಸಂಜೆ ನೀನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಪುಟ್ಟಿ ನನ್ನ ತೊಡೆಯ ಮೇಲೆ ಕೂತು ಪೆನ್ನಿನ ಮುಚ್ಚಳ ಕಚ್ಚುತ್ತಾ, "ದೊಡ್ಡಮ್ಮಾ, ಅಪ್ಪನ ಊರಿಗೆ ನೀನೂ ಬರ್ತೀಯಲ್ಲಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನಿನ್ನ ಉತ್ತರ ಬಂತು: "ದೊಡ್ಡಮ್ಮ ಯಾಕೆ ಬರ್ತಾಳೆ? ಅವಳಿಗೆ ಅಲ್ಲೇನು ಕೆಲಸ?"

ನೀನು ಸಿಟ್ಟಿನಿಂದ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿದ್ದು. ಗಂಡ ಅಲ್ಲಿ ಮೊದಲೇ ಹೋಗಿ ಕೂತಿದ್ದ, ನಿನಗೆ ಹಗಲೆಲ್ಲ ಆಸ್ಪತ್ರೆ. ಮೂರು ತಿಂಗಳ ಕೂಸನ್ನು ಬಟ್ಟೆ ಸುತ್ತಿ ನನ್ನ ಕೈಗೆ ಕೊಟ್ಟೆ. ಅವಳು ಮೊದಲು ಮಗುಚಿದ್ದು ನನ್ನ ಚಾಪೆಯ ಮೇಲೆ. ಮೊದಲು 'ಅಮ್ಮ' ಅಂದದ್ದೂ ನನಗೇ. ನೀನು ಗದರಿಸಿ 'ದೊಡ್ಡಮ್ಮ' ಎಂದು ತಿದ್ದಿದೆ. ಆರು ವರ್ಷ ಸಾಕಿದವಳಿಗೆ ಅಲ್ಲಿ ಕೆಲಸವಿಲ್ಲ.

ಹಾಲಿನ ಲೋಟ ಹಿಡಿದು ಬಂದು ನೀನು ಬರೆದ ವಾಕ್ಯ ತೋರಿಸಿದೆ. 'ಆಲ್ದೋ ದಿ ಪೇಷೆಂಟ್ ವಾಸ್ ವೀಕ್, ಬಟ್ ಹಿ ವಾಕ್ಡ್.' "ಇಲ್ಲಿ ಎರಡೂ ಬೇಕಾ ಅಕ್ಕಾ? ಯಾಕೋ ಅನುಮಾನ" ಎಂದೆ. ನಿನಗೆ ಅನುಮಾನ ಬಂದಿತ್ತು, ಅದು ಸರಿಯಾದ ಅನುಮಾನವೇ ಆಗಿತ್ತು. ನಾನು, "ಬೇಕು. ಎರಡೂ ಇದ್ರೇನೇ ವಾಕ್ಯ ಗಟ್ಟಿ" ಎಂದು ಕೆಂಪು ಪೆನ್ನಿನಲ್ಲಿ ಸರಿ ಗುರುತು ಹಾಕಿದೆ. ಮರುದಿನ 'ಬಿಕಾಸ್' ಜೊತೆ 'ಸೋ'. ಅದಕ್ಕೂ ಸರಿ. ನೀನು ಅಚ್ಚುಕಟ್ಟಾಗಿ, ಗೆರೆ ಎಳೆದು, ಪುಟಗಟ್ಟಲೆ ತಪ್ಪನ್ನು ರೂಢಿ ಮಾಡಿಕೊಂಡೆ.

ಎರಡನೇ ಸಲ ಬರವಣಿಗೆಯಲ್ಲಿ ಅರ್ಧ ಅಂಕ ಕಡಿಮೆ ಬಂತು. ನೀನು ನನ್ನ ಹೆಗಲ ಮೇಲೆ ತಲೆಯಿಟ್ಟು ಅತ್ತೆ. ನಾನು ನಿನ್ನ ಬೆನ್ನು ಸವರುತ್ತಿದ್ದೆ, ಕಣ್ಣು ಮಾತ್ರ ಬಾಗಿಲಲ್ಲಿ ನಿಂತ ಪುಟ್ಟಿಯ ಮೇಲಿತ್ತು. ಇನ್ನೂ ಆರು ತಿಂಗಳು ಇವಳು ನನ್ನ ಹತ್ತಿರ ಇರುತ್ತಾಳೆ ಎಂದುಕೊಂಡೆ. ಸಂತೋಷವಾಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಆದದ್ದು ಸಂತೋಷವೇ. ಮೂರನೇ ಸಲವೂ ಅದೇ ಅರ್ಧ ಅಂಕ. ಆ ದಿನ ನೀನು ಅಳಲಿಲ್ಲ. "ನನ್ನ ತಲೆಗೆ ಇಂಗ್ಲಿಷ್ ಹತ್ತಲ್ಲ ಬಿಡು" ಎಂದು ಊಟ ಮಾಡದೆ ಮಲಗಿದೆ. ಆಗ ಹೇಳಿಬಿಡಬೇಕಿತ್ತು. ನಿನ್ನ ತಟ್ಟೆಯ ಮೇಲೆ ಮುಚ್ಚಳ ಹಾಕಿ, ಬಾಯಿ ಮುಚ್ಚಿಕೊಂಡೆ.

ನಾಲ್ಕನೇ ಸಲಕ್ಕೆ ನೀನು ಇನ್ನೊಂದು ಸೆಂಟರಿಗೆ ಹೋದೆ. ಅಲ್ಲಿಯ ಹುಡುಗಿ ಟೀಚರ್ ಒಂದೇ ಗಂಟೆಯಲ್ಲಿ ನಿನ್ನ ರೋಗ ಹಿಡಿದಳು. ನೀನು ನೇರವಾಗಿ ನನ್ನ ಹತ್ತಿರ ಬಂದು ಕೆನ್ನೆಗೆ ಬಾರಿಸಿದ್ದರೆ ತಡೆದುಕೊಳ್ಳುತ್ತಿದ್ದೆ. ಅದು ಬಿಟ್ಟು ನೋಟುಪುಸ್ತಕ ಹಿಡಿದು ನಮ್ಮ ಮಾಲೀಕರ ಕೋಣೆಗೆ ಹೋದೆ. ಗಾಜಿನ ಬಾಗಿಲಾಚೆ ನನ್ನ ವಿದ್ಯಾರ್ಥಿಗಳೆಲ್ಲ ನೋಡುತ್ತಿದ್ದರು. "ಇವರಿಗೇ ಗೊತ್ತಿಲ್ಲ, ಇನ್ನೊಬ್ಬರಿಗೆ ಏನು ಕಲಿಸ್ತಾರೆ?" ಎಂದೆ. 'ಇವರು' ಎಂದೆ, ಅಕ್ಕ ಎನ್ನಲಿಲ್ಲ. ಪಾಸಾದೆ, ಸಾಮಾನು ಕಟ್ಟಿದೆ. ಪುಟ್ಟಿಯನ್ನು ಶಾಲೆಯಿಂದಲೇ ನೇರವಾಗಿ ವಿಮಾನ ನಿಲ್ದಾಣಕ್ಕೆ ಕರೆದುಕೊಂಡು ಹೋದೆ. ಅವಳ ಮಧ್ಯಾಹ್ನದ ಊಟ ಕಲಸಿಟ್ಟುಕೊಂಡು ನಾನು ನಾಲ್ಕು ಗಂಟೆಯವರೆಗೆ ಕಾದೆ.

ನನ್ನದು ಪಾಪ ಎಂದು ಒಪ್ಪುತ್ತೇನೆ, ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸುವ ಗುಣದವಳಲ್ಲ, ನಾನೂ ಅಲ್ಲ. ನಿನ್ನ ಒಂದು ವರ್ಷ ತಿಂದವಳು ನಾನು, ದ್ವೇಷಿಸು. ಮೋಸಗಾರ್ತಿ ಎನ್ನು, ಹೊಟ್ಟೆಕಿಚ್ಚಿನವಳು ಎನ್ನು. ದಡ್ಡಿ ಎಂದು ಮಾತ್ರ ಕನಿಕರ ತೋರಿಸಬೇಡ. ಆ ಕನಿಕರ ನನಗೆ ಮೈ ಉರಿಸುತ್ತದೆ.

ಇಷ್ಟೇ ಹೇಳುವುದಿತ್ತು.

ಇಂತಿ,
ನಿನ್ನ ಅಕ್ಕ

ತಾ.ಕ.: ನೀನು ಹೋದ ವಾರವೇ ಮಾಲೀಕರು ಒಂದು ಹಾಳೆ ಮುಂದಿಟ್ಟು, "ಬೇಕಂತ ಮಾಡಿದ್ರೋ, ಗೊತ್ತಿಲ್ದೆ ಮಾಡಿದ್ರೋ, ಬರೆದುಕೊಡಿ" ಎಂದರು. ನನಗೆ ಆ ನಿಯಮ ಗೊತ್ತಿರಲಿಲ್ಲ ಎಂದು ಬರೆದು ಸಹಿ ಮಾಡಿದೆ. ಅದನ್ನು ಗೋಡೆಯ ನೋಟಿಸ್ ಬೋರ್ಡಿಗೆ ಹಾಕಿದರು. ಈಗ ನನಗೆ ಕೊಟ್ಟಿರುವುದು ಎ-ಬಿ-ಸಿ-ಡಿ ಬ್ಯಾಚು. ಬೇಕಂತಲೇ ಮಾಡಿದೆ ಎಂದು ಬರೆದಿದ್ದರೆ, ಅದು ಬಾಯಿಂದ ಬಾಯಿಗೆ ಹೋಗಿ, ಎಂದಾದರೂ ಪುಟ್ಟಿಯ ಕಿವಿಗೆ ಬೀಳುತ್ತಿತ್ತು. ಅವಳ ದೊಡ್ಡಮ್ಮ ದಡ್ಡಿಯಾಗಿದ್ದರೆ ಅಡ್ಡಿಯಿಲ್ಲ. ಓದಿದ ಮೇಲೆ ಈ ಪತ್ರವನ್ನು ಹರಿದುಹಾಕು, ಮೇಜಿನ ಮೇಲೆ ಬಿಡಬೇಡ. ಅವಳಿಗೆ ಒತ್ತಕ್ಷರವೂ ಓದಲು ಬರುತ್ತದೆ. ಅದನ್ನು ನಾನೇ ಕಲಿಸಿದ್ದು, ಒಂದೂ ತಪ್ಪಿಲ್ಲದೆ.