ಬಡಗಿನ ಹಗ್ಗ ಹಿಡಿದವರು

ಶಂಖಕೋಡಿ
ಏರಿಕೆ ೩೮, ಸೋಣೆ ತಿಂಗಳ ಕೊನೆಯ ವಾರ

ನಮಗಿಂತ ಹಿಂದಿರುವವರಿಗೆ,

ಹೇಳದೆಯೇ ಬಿಟ್ಟುಬಿಡಬೇಕು ಎಂದುಕೊಂಡಿದ್ದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ಈ ವಾರ ನಾವು ತುಂಬಾ ಖುಷಿಯಲ್ಲಿದ್ದೇವೆ. ಹಿಂದಿನವರಿಗೆ ಬರೆಯುವ ಪತ್ರದಲ್ಲಿ ಇಂಥದ್ದನ್ನು ಬರೆಯಬಾರದು ಎಂದು ಊರಿನ ಕೆಲವರು ಬುದ್ಧಿ ಹೇಳಿದರು. ನಾವು ಚೆನ್ನಾಗಿದ್ದೇವೆ ಎಂದು ಗೊತ್ತಾದರೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ ಎಂದು ನೀವು ಕೈಕಟ್ಟಿ ಕುಳಿತುಬಿಡುತ್ತೀರಿ ಎಂಬುದು ಅವರ ಹೆದರಿಕೆ. ಆ ಹೆದರಿಕೆ ನನಗೂ ಇದೆ. ಆ ಸಾಲನ್ನು ಒಮ್ಮೆ ಹೊಡೆದುಹಾಕಿ ಮತ್ತೆ ಬರೆದೆ. ಊರಿಡೀ ಕುಣಿಯುತ್ತಿರುವಾಗ ನಾನೊಬ್ಬಳೇ ಹುಬ್ಬು ಗಂಟಿಕ್ಕಿಕೊಂಡು ಎಚ್ಚರಿಕೆ ಬರೆದರೆ ಅದು ಸುಳ್ಳು ಪತ್ರವಾದೀತು.

ಮೇಲಿನ ತಾರೀಖು ನಿಮಗೆ ವಿಚಿತ್ರವಾಗಿ ಕಾಣಬಹುದು. ನಮ್ಮ ಊರು ಕಡಲಂಚು ಬಿಟ್ಟು ಗುಡ್ಡ ಏರಿದ ವರ್ಷದಿಂದ ನಾವು ಎಣಿಸುತ್ತೇವೆ. ಅದನ್ನೇ ಏರಿಕೆ ಎನ್ನುತ್ತೇವೆ. ನಿಮ್ಮ ಲೆಕ್ಕದಲ್ಲಿ ಇದು ಸುಮಾರು ನೂರು ವರ್ಷಗಳಾಚೆ. ನನ್ನ ಪದಗಳೂ ಕೆಲವು ಕಡೆ ಎಡವಬಹುದು, ಸಹಿಸಿಕೊಳ್ಳಿ. ನಾನು ಓದಿದ್ದು ಊರಿಂದೂರಿಗೆ ಹೋಗಿ ಲಂಗರು ಹಾಕುವ ತೇಲುಶಾಲೆಯಲ್ಲಿ. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಇವತ್ತಿಗೂ ನಾನು ಲೆಕ್ಕ ಮಾಡುವುದು ಇಂಗ್ಲಿಷಿನಲ್ಲಿ, ಬೈಯುವುದು ಕನ್ನಡದಲ್ಲಿ. ಪತ್ರ ಬರೆಯುವುದು ಇವೆರಡರ ನಡುವಿನ ಕೆಲಸ, ಅದಕ್ಕೇ ತಡವರಿಸುತ್ತೇನೆ.

ಈ ವರ್ಷ ನಾನು ಶಂಖಕೋಡಿಯ ಊರಬಾಯಿ. ಹಾಗೆಂದರೆ ಊರ ಸುದ್ದಿ ಹೇಳುವವಳು. ದಿನವೂ ಸಂಜೆ, ಬಿಸಿಲು ಇಳಿದ ಮೇಲೆ, ಗುಡ್ಡದ ಮೇಲಿನ ಕಟ್ಟೆಯಲ್ಲಿ ನಿಂತು ಅಂದಿನ ಸುದ್ದಿ ಹೇಳಬೇಕು: ಯಾರ ಮನೆಯಲ್ಲಿ ಮಗು ಹುಟ್ಟಿತು, ಯಾವ ಬಾವಿಗೆ ಉಪ್ಪು ಬಂತು, ದಾಟುದೋಣಿ ಯಾವ ದಿನ ಬರುವುದಿಲ್ಲ, ಯಾರ ಆಡು ಯಾರ ಕಗ್ಗ ಭತ್ತದ ಗದ್ದೆಗೆ ನುಗ್ಗಿತು. ಬೇರೆ ಊರುಗಳಿಗೆ ಮಾತು ಒಯ್ಯುವುದೂ, ಅಲ್ಲಿಂದ ತರುವುದೂ ನನ್ನದೇ ಕೆಲಸ. ಒಂದೇ ನಿಯಮ: ಕೇಳಿಸಿಕೊಂಡದ್ದನ್ನು ಕೂಡಿಸದೆ, ಕಳೆಯದೆ ಹೇಳಬೇಕು. ಇದು ಇಷ್ಟು ಕಷ್ಟದ ನಿಯಮ ಎಂದು ಈ ತಿಂಗಳವರೆಗೆ ನನಗೆ ಗೊತ್ತಿರಲಿಲ್ಲ.

ನಮ್ಮ ದಿನಚರಿಯನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗದು. ನಾವು ಕೆಲಸ ಮಾಡುವುದು ತಂಪುಹೊತ್ತಿನಲ್ಲಿ, ಅಂದರೆ ಬೆಳಗಿನ ಜಾವ ಮತ್ತು ಸಂಜೆ. ನಡುವಿನದು ಮುಚ್ಚುಹೊತ್ತು, ಆಗ ಬಾಗಿಲು ಹಾಕಿಕೊಂಡು ಗಂಜಿ ಉಂಡು ಮಲಗುತ್ತೇವೆ, ನಾಯಿಗಳೂ ಹೊರಗೆ ಬರುವುದಿಲ್ಲ. ಗುಡ್ಡದ ಮೇಲಿನವೆಲ್ಲ ಕಾಲ್ಮನೆಗಳು. ಗಟ್ಟಿ ಕಾಲುಗಳ ಮೇಲೆ ನಿಂತ ಹಗುರ ಮನೆಗಳು. ಬೇಕೆಂದರೆ ಊರವರು ಸೇರಿ ಎತ್ತಿ ಬೇರೆಡೆ ಇಡಬಹುದು. ಒಂದು ಮದುವೆಯಲ್ಲಿ ಹುಡುಗಿಯ ಕಡೆಯವರು ಮನೆಯ ಸಮೇತ ಬಂದದ್ದೂ ಉಂಟು. ನನ್ನ ಮನೆ ಮಾತ್ರ ಹಾಗಲ್ಲ. ಅದು ನಿಮ್ಮ ಕಾಲದವರು ಕಡಲ ದಡದಲ್ಲೇ ಕಟ್ಟಿದ ಸಿಮೆಂಟಿನ ಮನೆ. ಕೆಳಗಿನ ಅಂತಸ್ತಿನಲ್ಲಿ ಮರಳು ತುಂಬಿದೆ. ನಾನೂ ಗಂಡ ಮಹಾಬಲನೂ ಇರುವುದು ನಿಮ್ಮ ಮಹಡಿಯಲ್ಲಿ. ಊರು ಗುಡ್ಡ ಏರಿದಾಗ ನನ್ನ ಅಪ್ಪ ಮಾತ್ರ ಏರಲಿಲ್ಲ. ಮನೆಯ ಮುಂದೆ ನಿಮ್ಮವರೇ ಸುರಿದ ಕರಿಕಲ್ಲಿನ ತಡೆಗೋಡೆ ಇತ್ತು, ಅದರ ಧೈರ್ಯ ಅವರಿಗೆ.

ಆ ಗೋಡೆಯ ಕಥೆ ನಿಮಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಅಲೆಯನ್ನು ತಡೆಯಲೆಂದು ಲಾರಿಗಟ್ಟಲೆ ಕಲ್ಲು ಸುರಿದಿರಿ. ಅಲೆ ನಮ್ಮ ಕಲ್ಲಿಗೆ ಬಡಿದು ಪಕ್ಕಕ್ಕೆ ತಿರುಗಿ, ಬಡಗು ದಿಕ್ಕಿನ ನೆರೆಯೂರು ಬಡಗುಹಿತ್ಲಿನ ಹೊಯ್ಗೆಯನ್ನು, ಅಂದರೆ ದಡದ ಮರಳನ್ನು, ಕೆರೆದುಕೊಂಡು ಹೋಯಿತು. ನಮ್ಮ ಮುಂದಿನ ಹೊಯ್ಗೆಯೂ ನಿಲ್ಲಲಿಲ್ಲ. ಎರಡೂ ಊರಿಗೆ ದಡವೆಂಬುದೇ ಇಲ್ಲವಾಯಿತು. ಬಡಗುಹಿತ್ಲಿನವರು ನಮ್ಮೊಡನೆ ಮಾತು ಬಿಟ್ಟರು. ಅಲ್ಲಿಗೆ ಹೆಣ್ಣು ಕೊಡುವುದು, ಅಲ್ಲಿಂದ ತರುವುದು ನಿಂತೇಹೋಯಿತು.

ಬಹಳ ಕಾಲದ ಮೇಲೆ ನಮ್ಮವರಿಗೆ ಬುದ್ಧಿ ಬಂತು. ತೆಂಕು ತುದಿಯಿಂದ ಕಲ್ಲು ತೆಗೆಯತೊಡಗಿದೆವು. ವರ್ಷಕ್ಕೆ ಇಷ್ಟಿಷ್ಟೇ ತೆಗೆದೆವು. ಕಲ್ಲು ಹೋದ ಕಡೆ ಮಳೆಗಾಲ ಕಳೆದು ನೋಡಿದರೆ ಹೊಯ್ಗೆ ಬಂದು ಕುಳಿತಿರುತ್ತಿತ್ತು, ಹೇಳದೆ ಬಂದ ನೆಂಟರ ಹಾಗೆ. ಕೊನೆಗೆ ಉಳಿದದ್ದು ಬಡಗು ಗಡಿಯಲ್ಲಿರುವ ಒಂದು ತುಂಡು ಗೋಡೆ. ಅದರ ಹಿಂದೆ ನನ್ನ ಮನೆ. ಅದನ್ನು ತೆಗೆಯುವ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹೀಗಿರುವಾಗ ಹೋದ ವಾರ ಒಂದು ಬೆಳಿಗ್ಗೆ ನಮ್ಮ ತಾಂಡೇಲ ಶೀನಣ್ಣ ಗುಡ್ಡದಿಂದ ಕೂಗಿದರು. ತಾಂಡೇಲ ಎಂದರೆ ದೋಣಿ, ಬಲೆ ಎರಡಕ್ಕೂ ಯಜಮಾನ. "ಹ್ವಾಯ್, ನೀರ್ ಕಪ್ಪಾಯ್ತ್ ಕಾಣಿ! ಬಂಗ್ಡೆ! ಬಂಗ್ಡೆ ಬಂತ್!"

ಅವರ ಹೆಂಡತಿ ಗುಲಾಬಕ್ಕ ಒಳಗಿನಿಂದಲೇ, "ನಿಮ್ಗೆ ಕಣ್ ಸಮಾ ಕಾಂತಿಲ್ಲೆ. ಅದ್ ಮೋಡದ್ ನೆರಳ್" ಎಂದರು.

"ಮೋಡದ್ ನೆರಳ್ ಪಟಪಟ ಹಾರತ್ತಾ ಮಾರಾಯ್ತಿ? ಹೊರಗ್ ಬಂದ್ ಕಾಣ್!"

ಗುಲಾಬಕ್ಕ ಹೊರಗೆ ಬಂದರು. ನೋಡಿದರು. ಆಮೇಲೆ ಶೀನಣ್ಣನಿಗಿಂತ ಜೋರಾಗಿ ಕೂಗಿದರು.

ಬಂಗುಡೆಯ ಹಿಂಡು ದಡದ ಹತ್ತಿರ ಬಂದದ್ದನ್ನು ನಮ್ಮಲ್ಲಿ ಯಾರೂ ಕಣ್ಣಾರೆ ಕಂಡಿರಲಿಲ್ಲ. ಕಡಲು ಕಾದ ಮೇಲೆ ಅವು ಆಳಕ್ಕೆ ಹೋಗಿದ್ದವು. ನಾವು ಉಣ್ಣುವುದು ಕಟ್ಟಿದ ನೀರಿನಲ್ಲಿ ಸಾಕಿದ ಚಿಪ್ಪು ಮತ್ತು ಮಡೆಂಜಿ ಮೀನು. ಈಗ ನೀರಿನಲ್ಲಿ ಒಂದು ಕಪ್ಪು ಕಂಬಳಿ ಹಾಸಿದ ಹಾಗೆ, ಅದರ ಅಂಚಿನಲ್ಲಿ ಬೆಳ್ಳಿ ಸಿಡಿದ ಹಾಗೆ! ಮುಚ್ಚುಹೊತ್ತು ಬಂದರೂ ಯಾರೂ ಬಾಗಿಲು ಹಾಕಲಿಲ್ಲ. ನಾನೂ ತಲೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ನೋಡುತ್ತಲೇ ನಿಂತಿದ್ದೆ.

ಶೀನಣ್ಣ ಎಷ್ಟೋ ವರ್ಷದಿಂದ ರಂಪಣಿ ಬಲೆ ಹೆಣೆಸುತ್ತಿದ್ದರು. ಹುಚ್ಚು ಎಂದು ನಾವೆಲ್ಲ ನಕ್ಕಿದ್ದೆವು. ನಿಮ್ಮ ಅಜ್ಜಂದಿರಿಗೆ ರಂಪಣಿ ಗೊತ್ತಿದ್ದೀತು: ಒಂದು ತುದಿಯ ಹಗ್ಗ ದಡದಲ್ಲಿರುತ್ತದೆ, ದೋಣಿ ಹಿಂಡನ್ನು ಬಳಸಿ ಬಲೆ ಬಿಡುತ್ತಾ ಹೋಗಿ ಇನ್ನೊಂದು ಹಗ್ಗವನ್ನು ದೂರದಲ್ಲಿ ದಡಕ್ಕೆ ತರುತ್ತದೆ, ಆಮೇಲೆ ಎರಡೂ ಕಡೆಯವರು ಒಟ್ಟಿಗೆ ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನಲ್ಲಿ ಪಾಲು. ಅದಕ್ಕೆ ನೂರಾರು ಕೈ ಬೇಕು. ನಮ್ಮೂರಲ್ಲಿ ಒಂದು ಹಗ್ಗಕ್ಕಾಗುವಷ್ಟು ಜನ ಮಾತ್ರ ಇದ್ದಾರೆ. ಬಡಗಿನ ಹಗ್ಗ ಹಿಡಿಯಲು ಬಡಗುಹಿತ್ಲಿನವರೇ ಬರಬೇಕು. ಕರೆಯಲು ಊರಬಾಯಿಯೇ ಹೋಗಬೇಕು. ಹಿಂಡು ಎಷ್ಟು ದಿನ ನಿಲ್ಲುತ್ತದೆ ಎಂದು ಯಾರಿಗೂ ಗೊತ್ತಿಲ್ಲ.

ನಾನು ಹೋದೆ. ಬಡಗುಹಿತ್ಲಿನ ಹಿರಿಯರು ಮುತ್ತಕ್ಕ. ಅಂಗಳದಲ್ಲಿ ಚಿಪ್ಪು ಬಿಡಿಸುತ್ತಾ ಕುಳಿತಿದ್ದವರು ತಲೆ ಎತ್ತಲಿಲ್ಲ.

"ಹೋ, ಶಂಖಕೋಡಿಯರಿಗೆ ಇಲ್ಲಿಗೆ ಬಪ್ಪು ದಾರಿ ಗೊತ್ತಿತ್ತಾ? ನಾನ್ ಮುಚ್ಚಿಹೋಯ್ತ್ ಅಂದ್ಕಂಡಿದ್ದೆ."

ನಾನು ವಿಷಯ ಹೇಳಿದೆ. ಅವರು ಚಿಪ್ಪು ಬಿಡಿಸುತ್ತಲೇ ಇದ್ದರು.

"ನಮ್ ಹೊಯ್ಗಿ ತಿಂದ್ ಬಾಯಿಗೆ ಈಗ ಮೀನ್ ಬೇಕಾ?" ಎಂದರು. ಆಮೇಲೆ ಕತ್ತಿ ಕೆಳಗಿಟ್ಟು, "ಕಾಣ್ ಮಗಾ, ಮೀನ್ ನಾವೂ ಕಂಡಿತ್. ನಮ್ಗೂ ಆಸಿ ಇತ್ತ್. ಆದ್ರೆ ನಿಮ್ ಹಗ್ಗ ಎಳುಕೆ ನಾವ್ ಆಳ್ಗಳಲ್ಲ. ಗಡಿ ಮೇಲಿನ ಆ ಕಡೀ ಕಲ್ ತೆಗೀನಿ. ಬಲೆ ಆ ಕಲ್ಲಿಗ್ ಸಿಕ್ರೆ ಹ್ಯಾಂಗೂ ಹರಿತ್ತ್. ಕಲ್ ಹೋದ್ರೆ ನಾವ್ ಬತ್ತೊ" ಎಂದರು. ನಾನು ಹೊರಟಾಗ ಕೇಳಿದರು: "ಆ ಕಲ್ಲಿನ್ ಹಿಂದಿನ ಮನಿ ಯಾರದ್?"

"ನಂದೇ" ಎಂದೆ.

ಮುತ್ತಕ್ಕ ನನ್ನನ್ನು ಮೊದಲ ಸಲ ಸರಿಯಾಗಿ ನೋಡಿದರು.

ಹಿಂದಿರುಗುವ ದಾರಿ ಉದ್ದಕ್ಕೂ ನಾನು ನನ್ನೊಡನೆ ವಾದ ಮಾಡಿದೆ. ಆ ಷರತ್ತು ಕೇಳಿಸಿಕೊಂಡವಳು ನಾನೊಬ್ಬಳೇ. 'ಒಪ್ಪಲಿಲ್ಲ' ಎಂದಷ್ಟೇ ಹೇಳಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಎಲ್ಲರೂ ಬಡಗುಹಿತ್ಲನ್ನು ಬೈದು ಸುಮ್ಮನಾಗುತ್ತಿದ್ದರು. ಗೋಡೆ ಹೋದರೆ ಮುಂದಿನ ಮಳೆಗಾಲದಲ್ಲಿ ಕಡಲು ನೇರ ನನ್ನ ಮೆಟ್ಟಿಲಿಗೆ ಬರುತ್ತದೆ. ಸಿಮೆಂಟಿನ ಮನೆಯನ್ನು ಎತ್ತಿಕೊಂಡು ಹೋಗಲಾಗದು. ಅದೇ ಮನೆಯಲ್ಲಿ ನಾನು ನಡೆಯಲು ಕಲಿತದ್ದು. ಬೆಳಿಗ್ಗೆ ಎದ್ದ ಕೂಡಲೇ ನೀರು ಕಾಣುವ ಮನೆ ಈಗ ಅದೊಂದೇ.

ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿದಾಗ ಎಲ್ಲರೂ ನನ್ನ ಮುಖ ಬಿಟ್ಟು ಬೇರೆಲ್ಲವನ್ನೂ ನೋಡುತ್ತಿದ್ದರು.

ಶೀನಣ್ಣನೇ ಮೊದಲು ಬಾಯಿಬಿಟ್ಟರು. "ಹಂಗಾರೆ ಬ್ಯಾಡ. ಒಬ್ರ್ ಮನಿ ಕಳ್ದ್ ಮೀನ್ ಉಂಬುಕಾತ್ತಾ?"

ಆಗ ಮಹಾಬಲ ಹಿಂದಿನಿಂದ ಎದ್ದು ನಿಂತ. "ಅದ್ ಮನಿ ಅಲ್ಲ ಶೀನಣ್ಣ, ಹೊಯ್ಗಿ ಡಬ್ಬಿ. ಗುಡ್ಸಿ ಗುಡ್ಸಿ ನನ್ ಸೊಂಟ ಹೋಯ್ತ್. ಆದ್ರೆ ಮನಿ ಅವಳ್ ಅಪ್ಪಂದ್. ಅವಳೇ ಹೇಳ್ಲಿ."

ಜನ ನಕ್ಕರು. ನಾನೂ ನಕ್ಕೆ. ನಗು ನಿಲ್ಲುವ ಮೊದಲೇ "ಕಲ್ಲು ತೆಗೆಯಿರಿ" ಎಂಬ ಮಾತು ನನ್ನ ಬಾಯಿಂದ ಬಂದಿತ್ತು.

ಅದು ದೊಡ್ಡ ಮನಸ್ಸಿನಿಂದ ಬಂತೇ? ಇಷ್ಟು ಜನ ನೋಡುತ್ತಿದ್ದಾರೆ ಎಂಬ ಸಂಕೋಚದಿಂದಲೇ? ಅಥವಾ ಬೆಳಿಗ್ಗೆಯಿಂದ ಕಣ್ಣಲ್ಲಿ ಕುಣಿಯುತ್ತಿದ್ದ ಆ ಬೆಳ್ಳಿಯ ಅಂಚಿನಿಂದಲೇ? ಮೂರೂ ಸ್ವಲ್ಪ ಸ್ವಲ್ಪ ಇದ್ದೀತು.

ಕಲ್ಲು ತೆಗೆಯಲು ಎರಡೂ ಊರಿನವರು ಬಂದರು. ತಂಪುಹೊತ್ತು, ಮುಚ್ಚುಹೊತ್ತು ಎನ್ನದೆ ಬಿದಿರ ಹಂದರದ ನೆರಳು ಸರಿಸಿಕೊಳ್ಳುತ್ತಾ ದುಡಿದೆವು. ಗೋಡೆಯ ಬುಡದಲ್ಲಿ ಆಗಲೇ ಹೊಸ ಹೊಯ್ಗೆ ಕುಳಿತಿತ್ತು. ಮುತ್ತಕ್ಕ ನೀರು ಕುಡಿಯುವ ನೆಪದಲ್ಲಿ ನನ್ನ ಮಹಡಿ ಹತ್ತಿ, ಗೋಡೆ ತಟ್ಟಿ, ಬಾಗಿಲು ಎಳೆದು ನೋಡಿದರು.

"ಮನಿ ಹೋಪುದಂತೂ ಹೋತ್ತ್. ಈ ಕಿಟಕಿ ನಂಗ್ ಕೊಡ್. ಒಳ್ಳೆ ಮರ."

"ಮುತ್ತಕ್ಕ, ಮನೆ ಇನ್ನೂ ನಿಂತಿದೆ!"

"ಅದ್ಕೇ ಈಗ್ಳೇ ಕೇಂತಿದ್ದೆ. ಬಿದ್ ಮೇಲ್ ಕೇಂಡ್ರೆ ಸಮಾ ಆತ್ತಾ?"

ಕಿಟಕಿಯನ್ನು ಕೊಟ್ಟೆ. ಬದಲಿಗೆ ಒಂದು ಬುಟ್ಟಿ ಚಿಪ್ಪು ಬಂತು. ಮಾತು ನಿಂತುಹೋಗಿದ್ದ ಆ ಎರಡು ಊರುಗಳ ನಡುವೆ ನಡೆದ ಮೊದಲ ವ್ಯಾಪಾರ ಅದೇ ಇರಬೇಕು.

ನಿನ್ನೆ ಬೆಳಗಿನ ಜಾವ ಬಲೆ ಬಿಟ್ಟೆವು. ಹಿಂಡು ಇನ್ನೂ ಇತ್ತು! ತೆಂಕಿನ ಹಗ್ಗಕ್ಕೆ ನಾವು, ಬಡಗಿನ ಹಗ್ಗಕ್ಕೆ ಅವರು. ನಾನು ಊರಬಾಯಿಯಾದ್ದರಿಂದ ಅವರ ಕಡೆ ನಿಂತು ಕೂಗು ದಾಟಿಸಬೇಕಿತ್ತು. ಶುರುವಿನಲ್ಲಿ ಎಲ್ಲ ಎಡವಟ್ಟು. ನಮ್ಮವರ 'ಐಸಾ' ಎಂಬ ಎಳೆಯುವ ಕೂಗು ಒಂದು ತಾಳ, ಅವರದು ಇನ್ನೊಂದು. ನಾವು ಎಳೆದಾಗ ಅವರು ಬಿಟ್ಟರು, ಅವರು ಎಳೆದಾಗ ನಾವು ಬಿದ್ದೆವು. ಬಲೆ ಓರೆಯಾಗತೊಡಗಿತು. ಮುತ್ತಕ್ಕ ಹೊಯ್ಗೆಯಲ್ಲಿ ಕಾಲೂರಿ, "ತೆಂಕಿನರ್ ಉಂಡ್ಕಂಡ್ ಬರ್ಲಿಲ್ಯಾ? ಹಗ್ಗ ಎಳಿತ್ರಾ, ಹಲ್ ಕಿಸಿತ್ರಾ?" ಎಂದು ಬೈದರು. ಅದನ್ನು ಕೂಡಿಸದೆ, ಕಳೆಯದೆ ನಮ್ಮವರಿಗೆ ದಾಟಿಸಿದೆ. ಸಿಟ್ಟಿಗೆ ಎಂಥಾ ಬಲ ಬಂತು ಎನ್ನುತ್ತೀರಿ! ಎರಡು ಕೂಗು ಒಂದಾಯಿತು. ಒಂದಾದ ಮೇಲೆ ನಾನು ಕೂಗುವುದನ್ನು ಬಿಟ್ಟು, ಬಡಗಿನ ಹಗ್ಗಕ್ಕೇ ಕೈ ಹಾಕಿದೆ.

ಬಲೆಯ ಹೊಟ್ಟೆ ದಡಕ್ಕೆ ಬಂದಾಗ ಆದ ಸದ್ದನ್ನು ಹೇಗೆ ಹೇಳಲಿ? ಒಣಗಿದ ತಾಳೆಗರಿಗಳ ಮೇಲೆ ಒಮ್ಮೆಲೇ ಮಳೆ ಹೊಯ್ದ ಹಾಗೆ. ಶೀನಣ್ಣ ಮೊಣಕಾಲು ನೀರಿನಲ್ಲಿ ನಿಂತು ಅಳುತ್ತಿದ್ದರು. ಗುಲಾಬಕ್ಕ ಅವರ ಬೆನ್ನಿಗೆ ಗುದ್ದುತ್ತಾ, "ಅಳುದ್ ಮತ್ತೆ, ಬುಟ್ಟಿ ಹಿಡಿನಿ ಮೊದ್ಲ್!" ಎನ್ನುತ್ತಿದ್ದರು. ಪಾಲು ಹಂಚುವಾಗ ನನ್ನ ಪಾಲು ಬಡಗುಹಿತ್ಲಿನ ರಾಶಿಯಿಂದ ಬಂತು, ಹಿಡಿದದ್ದು ಅವರ ಹಗ್ಗವಾದ್ದರಿಂದ. ನಮ್ಮವರು ಇಂದು ಬೆಳಿಗ್ಗೆಯೂ ಅದನ್ನು ಹೇಳಿ ನನ್ನನ್ನು ಕೆಣಕಿದರು.

ಇನ್ನು ನನ್ನ ಕೋರಿಕೆ. ಈ ಪತ್ರ ತಲುಪುವ ಹೊತ್ತಿಗೆ ಶಂಖಕೋಡಿಯ ಬಡಗು ಗಡಿಯಲ್ಲಿ ಯಾರೋ ಮನೆಗೆ ಪಾಯ ತೆಗೆಯುತ್ತಿರಬಹುದು, ಅದರ ಮುಂದೆ ಕಲ್ಲು ಸುರಿಯಲು ಲಾರಿಗಳು ನಿಂತಿರಬಹುದು. ಲಾರಿಗಳನ್ನು ಹಿಂದಕ್ಕೆ ಕಳುಹಿಸಿ. ಮನೆಯನ್ನು ಗುಡ್ಡದ ಮೇಲೆ ಕಟ್ಟಿಕೊಳ್ಳಿ. ಹೊಯ್ಗೆಯನ್ನು ಅದರ ಪಾಡಿಗೆ ಬಿಡಿ, ಬಡಗುಹಿತ್ಲಿನವರೊಡನೆ ಮಾತು ಬಿಡಬೇಡಿ.

ಹೀಗೆ ಬರೆಯುವುದರ ಅರ್ಥ ನನಗೆ ಗೊತ್ತು. ನೀವು ನನ್ನ ಮಾತು ಕೇಳಿದರೆ ನಾನು ನಡೆಯಲು ಕಲಿತ ಮನೆ ಇರುವುದೇ ಇಲ್ಲ. ನಿನ್ನೆಯಂಥ ಬೆಳಗೂ ಇರುವುದಿಲ್ಲ; ಬಂಗುಡೆ ವರ್ಷ ವರ್ಷ ಬರುವ ಊರಿನಲ್ಲಿ ಅದಕ್ಕಾಗಿ ಯಾರು ಅಳುತ್ತಾರೆ? ಮಳೆಗಾಲ ಬಂದು ಮನೆಯನ್ನು ಕೊಂಡುಹೋಗುವ ಮೊದಲು ನಾನೇ ಅದನ್ನು ಹೀಗೆ ಬುಡದಿಂದ ಅಳಿಸುತ್ತಿದ್ದೇನೆಯೇ ಎಂದು ಈ ಮುಚ್ಚುಹೊತ್ತಿನಲ್ಲಿ, ಕಿಟಕಿ ತೆಗೆದ ಗೋಡೆಯ ಕಂಡಿಯಿಂದ ಕಡಲು ನೋಡುತ್ತಾ, ಕೇಳಿಕೊಂಡೆ. ಹಿಂದಿನ ಕಾಲಕ್ಕೆ ಹೋಗುವ ಅಂಚೆ ವರ್ಷಕ್ಕೊಂದೇ ಸಲ ತೆರೆಯುತ್ತದೆ. ಹಾಕದಿರಲು ಇನ್ನೂ ಸಮಯವಿದೆ. ಆದರೂ ಹಾಕುತ್ತೇನೆ.

ನಿಮ್ಮ ಮುಂದಿನವಳು,
ಸುಗಂಧಿ

ಅಂಚೆಗೆ ಹಾಕುವ ದಿನ: ಏರಿಕೆ ೩೮, ಕನ್ಯಾ ತಿಂಗಳ ಮೊದಲ ದಿನ, ತಂಪುಹೊತ್ತು.