ಬಚ್ಚಲುಮನೆಯ ಹಾಡು

ಮಹಡಿಯ ಮನೆ ಯಜಮಾನರಿಗೆ, ಕೆಳಮನೆಯಲ್ಲಿ ಬಾಡಿಗೆಗಿರುವವಳ ನಮಸ್ಕಾರ.

ಹಳೆಯ ಗ್ಯಾಸ್ ಗೀಸರ್ ತೆಗೆಸಿದ್ದು ಉಪಕಾರವಾಯಿತು. ಅದರ ಜಾಗಕ್ಕೆ ನಾಳೆ ಮತ್ತೊಂದು ಗ್ಯಾಸಿನದೇ ಬರುತ್ತದೆಂದು ನಿಮ್ಮ ಮನೆಯವರು ಹೇಳಿದರು. ದಯವಿಟ್ಟು ಬೇಡ, ಕರೆಂಟಿನದು ಹಾಕಿಸಿ. ಬಿಲ್ಲು ಹೇಗೂ ನಮ್ಮದೇ.

ಪಾರಿವಾಳ ಕೂರುತ್ತವೆಂದು ಬಚ್ಚಲಿನ ಗವಾಕ್ಷಿಗೆ ನೀವು ಹಲಗೆ ಹೊಡೆಸಿದ್ದೀರಿ. ಗ್ಯಾಸು ಉರಿದ ಹೊಗೆಗೆ ಹೊರಹೋಗಲು ದಾರಿಯೇ ಇಲ್ಲ. ನಮ್ಮ ಮಾವನವರಿಗೆ ಸ್ನಾನ ಮಾಡುತ್ತಾ ಹಾಡುವ ಚಾಳಿ. ರಾಗವಂತೂ ದೇವರಿಗೇ ಪ್ರೀತಿ, ಆದರೆ ಹಿಡಿದ ಹಾಡನ್ನು ಮುಗಿಸದೆ ಬಿಡುವವರಲ್ಲ. ಮೊನ್ನೆ ಅದು ನಡುವೆಯೇ ನಿಂತಿತು. ಅದಕ್ಕೇ ಓಡಿಹೋಗಿ ಚಿಲಕ ಮುರಿದೆವು. ಎಚ್ಚರವಿಲ್ಲದೆ ನೆಲದ ಮೇಲೆ ಬಿದ್ದಿದ್ದರು.

“ವಯಸ್ಸಾದವ್ರಿಗೆ ತಲೆ ಸುತ್ತೋದು ಇದ್ದದ್ದೇ, ಪಾಪ ಗೀಸರ್ ಏನ್ ಮಾಡುತ್ತೆ” ಎಂದಿರಿ. ಡಾಕ್ಟರು ಹಾಗೆನ್ನಲಿಲ್ಲ. “ಇನ್ನೊಂದ್ ಘಳಿಗೆ ಬಿಟ್ಟಿದ್ರೆ ನನ್ ಹತ್ರ ತರೋದೇ ಬೇಕಿರ್ಲಿಲ್ಲ” ಎಂದರು.

ಈಗ ಒಲೆಯ ಮೇಲೆ ನೀರು ಕಾಯಿಸಿಕೊಡುತ್ತಿದ್ದೇನೆ. ಮಾವ ಬಾಗಿಲನ್ನು ಓರೆ ಮಾಡಿಟ್ಟು ಸ್ನಾನ ಮಾಡುತ್ತಾರೆ. ಹಾಡುವುದಿಲ್ಲ.

ಇಷ್ಟಾದ ಮೇಲೂ ಗ್ಯಾಸಿನದೇ ಆಗಬೇಕೆಂದಿದ್ದರೆ ಹಾಕಿಸಿ, ನಾನು ಅಡ್ಡ ಬರುವುದಿಲ್ಲ. ಮೊದಲ ಸ್ನಾನ ಮಾತ್ರ ನಿಮ್ಮದಾಗಲಿ. ಟವಲು, ಸೋಪು ನಾನೇ ಇಟ್ಟಿರುತ್ತೇನೆ. ಮುರಿದ ಚಿಲಕವನ್ನೂ ಸರಿಮಾಡಿಸಿದ್ದೇವೆ, ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳಿ. ನಿಮಗೆ ಬರುವ ಯಾವುದಾದರೂ ಹಾಡನ್ನು ಗಟ್ಟಿಯಾಗಿ ಹಾಡುತ್ತಿರಿ. ನಾನು ಹೊರಗೆ ಕಿವಿಗೊಟ್ಟು ನಿಂತಿರುತ್ತೇನೆ.

ಇಂತಿ,
ಕೆಳಮನೆಯ ಸೊಸೆ