ಯೋಗೀಶ ಅಂಟಿಸಿದ ಹೆಸರುಗಳು

೧೨ ಆಗಸ್ಟ್ ೨೦೨೫, ಮಂಗಳವಾರ. ಬಟವಾಡಿ

ಸಂಜೆಯಿಂದ ಆ ಕಾರ್ಡುಗಳನ್ನು ನಾಲ್ಕು ಸಲ ಹರಡಿದೆ, ನಾಲ್ಕು ಸಲ ಎತ್ತಿಟ್ಟೆ. ತಮ್ಮ ಯೋಗೀಶ ತೀರಿಕೊಂಡು ಎರಡು ತಿಂಗಳಾಗುತ್ತಾ ಬಂತು.

ಕಾರ್ಡುಗಳು ಅವನ ಗೆಳತಿ ಮುಬಶ್ಶಿರಾಳವು. ಆಸ್ಪತ್ರೆಯಲ್ಲಿ ಹೊತ್ತು ಹೋಗಲೆಂದು ಕೊಟ್ಟಿದ್ದಳು. ರಾಣಿ, ಸೈನಿಕರು, ಡ್ರ್ಯಾಗನ್‌ಗಳ ಯುದ್ಧದ ಆಟ. ನನಗೆ ಇಂಗ್ಲಿಷ್ ಬಾರದೆಂದು ಯೋಗೀಶ ಪ್ರತಿ ಹೆಸರಿನ ಮೇಲೂ ಕನ್ನಡದ ಚೀಟಿ ಅಂಟಿಸಿದ್ದ.

ಇವತ್ತು ವಾಪಸ್ ಒಯ್ಯಲು ಬಂದವಳು ಚೀಟಿ ಓದಿ ನಕ್ಕಳು. "ಅಕ್ಕಾ, ಕಾರ್ಡಲ್ಲಿರೋ ಹೆಸರೇ ಬೇರೆ. ಕಳ್ಳ, ನಿಮಗೆ ಚೆನ್ನಾಗಿ ಟೋಪಿ ಹಾಕಿದಾನೆ!"

'ಎಂಟು ಜನರ ಸಾಲು.' 'ಎರಡು ಕಂಬದ ಕೋಟೆ.' 'ಬೆನ್ನು ಮುಟ್ಟುವ ತನಕ ಏಳದ ರಾಣಿ.' ಓದುತ್ತಾ ಓದುತ್ತಾ ಅವಳ ನಗು ನಿಂತಿತು.

"ಇದು ಖೋಖೋ ಅಲ್ವಾ ಅಕ್ಕಾ? ನೀವು ಆಡ್ತಿದ್ರಾ?"

ಆಡುತ್ತಿದ್ದೆ. ಸಿ.ಎಸ್. ಪುರದ ಶಾಲೆಯಲ್ಲಿ, ಎಂಟನೇ ತರಗತಿಯವರೆಗೆ. ಅಮ್ಮ ಹೋದಾಗ ಯೋಗೀಶನಿಗೆ ಎರಡು ವರ್ಷ. ಆಟ, ಶಾಲೆ ಎರಡೂ ಬಿಟ್ಟೆ. ಅವನಿಗೆ ಒಂದು ದಿನವೂ ಹೇಳಿರಲಿಲ್ಲ. ಯಾರು ಹೇಳಿದರೋ. ಇಲ್ಲವೇ ಅವನು ಸುಮ್ಮನೆ ಏನೋ ಬರೆದಿದ್ದನ್ನು ನಾವಿಬ್ಬರೂ ಹೀಗೆ ಓದುತ್ತಿದ್ದೇವೋ. ಕೇಳೋಣವೆಂದರೆ ಅವನಿಲ್ಲ.

"ನಿಮ್ಮ ಹತ್ರಾನೇ ಇರ್ಲಿ, ಅಕ್ಕಾ," ಎಂದು ಮುಬಶ್ಶಿರಾ ಬರಿಗೈಲಿ ಹೋದಳು.

ಕೊನೆಯ ದಿನ ಅವನು ಆ ರಾಣಿಯ ಕಾರ್ಡನ್ನು ನನ್ನ ಕೈಗಿಟ್ಟು, "ಇದನ್ನ ಈಗ್ಲೇ ಆಡಬೇಡ ಕಣೇ. ಯಾವಾಗ ಅಂತ ನಾನು ಹೇಳ್ತೀನಿ," ಅಂದಿದ್ದ.

ಹೇಳಲಿಲ್ಲ. ನಾನು ಇನ್ನೂ ಕೂತೇ ಇದ್ದೇನೆ, ಯೋಗೀಶ.